ಮಳೆ ಲೆಕ್ಕದಿಂದ ಹೊಳೆ ಲೆಕ್ಕ



ಆಷಾಢದಲ್ಲಿ ನಮ್ಮೂರಲ್ಲಿ ಒಂದು ವಿಚಿತ್ರ ನಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ನಾಲ್ಕು ದಿನದಿಂದ ಒಂದು ಹನಿ ಬಿದ್ದಿರುವುದಿಲ್ಲ. ಹೊಲದಲ್ಲಿ ಮೆಕ್ಕೆಜೋಳ ಮುಖ ಬಾಡಿಸಿಕೊಂಡು ನಿಂತಿರುತ್ತದೆ. ಆದರೆ ಹೊಳೆ ಮಾತ್ರ ಕೆಂಪಗೆ, ದಡ ತುಂಬಿಕೊಂಡು ಬರುತ್ತಿರುತ್ತದೆ. ನಾನು ಚಿಕ್ಕವನಿದ್ದಾಗ "ಮಳೆ ಇಲ್ದೆ ನೀರು ಎಲ್ಲಿಂದ ಬಂತಜ್ಜಿ?" ಅಂತ ಕೇಳಿದ್ದೆ. "ಮೇಲೆ ಮಲ್ನಾಡಾಗೆ ಸುರಿತೈತಿ ಮಗಾ" ಅಂದಿದ್ದರು.

ಅಜ್ಜಿ ಹೇಳಿದ್ದು ಸರಿ. ತುಂಗೆ, ಭದ್ರೆ ಎರಡೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗೆ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಬರುತ್ತಾಳೆ. ಆಗುಂಬೆ ಸೀಮೆಯ ಮಾಲತಿ ಹೊಳೆಯೂ ಅವಳನ್ನೇ ಸೇರುತ್ತದೆ. ಭದ್ರೆ ಬಾಳೆಹೊನ್ನೂರು, ಲಕ್ಕವಳ್ಳಿ, ಭದ್ರಾವತಿ ದಾಟಿ ಬರುತ್ತಾಳೆ. ಕೂಡ್ಲಿಯಲ್ಲಿ ಇಬ್ಬರೂ ಒಂದಾಗಿ ತುಂಗಭದ್ರೆ ಅನ್ನಿಸಿಕೊಂಡು ಹೊನ್ನಾಳಿ ಕಡೆಗೆ, ಅಂದರೆ ನಮ್ಮ ಕಡೆಗೆ ಬರುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ನಮ್ಮ ಕಡೆ ಅದರ ಹತ್ತನೇ ಒಂದು ಪಾಲಿನ ಆಸುಪಾಸು ಅಷ್ಟೆ. ಹಾಗಾಗಿ ನಮ್ಮ ಹೊಳೆಯ ಹಣೆಬರಹ ಬರೆಯುವುದು ಅಲ್ಲಿಯ ಮೋಡ.

ಹಾಗಾದರೆ ಅಲ್ಲಿ ಇಷ್ಟು ಮಳೆ ಬಿತ್ತು, ಇಲ್ಲಿ ಇಷ್ಟು ನೀರು ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಲು ಬರುತ್ತದೆಯೇ? ಬರುತ್ತದೆ. ಕಳೆದ ವಿಜ್ಞಾನ ದಿನಾಚರಣೆಗೆ ನಮ್ಮ ವಿಜ್ಞಾನ ಮೇಷ್ಟ್ರ ಪರಿಚಯದವರೊಬ್ಬರು ಬಂದಿದ್ದರಲ್ಲ, ಅವರ ಕೆಲಸವೇ ಅದು. ಅವರು ಹೇಳಿದ್ದನ್ನೂ ಆಮೇಲೆ ಮೇಷ್ಟ್ರು ಬಿಡಿಸಿ ಹೇಳಿದ್ದನ್ನೂ ಸೇರಿಸಿ ಈ ಲೇಖನ ಬರೆದಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ. ನಾನು ಮಾಡಿದ ಒಂದು ತಪ್ಪು. ಅದನ್ನು ನಡುವೆ ಹೇಳುತ್ತೇನೆ.

ಹೊಳೆಯ ಜಮಾ-ಖರ್ಚು

ಅಂಗಡಿಯವರು ಜಮಾ-ಖರ್ಚು ಬರೆಯುವ ಹಾಗೆ ನೀರಿಗೂ ಒಂದು ಲೆಕ್ಕವಿದೆ. ಸುರಿದ ಮಳೆ ಜಮಾ. ಆವಿಯಾಗಿ ಹೋದದ್ದು, ಗಿಡಮರ ಕುಡಿದದ್ದು, ನೆಲದೊಳಗೆ ಇಳಿದದ್ದು, ಹಳ್ಳಕ್ಕೆ ಹರಿದದ್ದು ಖರ್ಚು. ಈ ಲೆಕ್ಕವನ್ನು ದಿನದಿನಕ್ಕೂ ಜಾಗಜಾಗಕ್ಕೂ ಕಂಪ್ಯೂಟರಿನಲ್ಲಿ ಮಾಡಿಸುವುದಕ್ಕೆ ಹೈಡ್ರಾಲಜಿ ಮಾಡೆಲ್ ಅನ್ನುತ್ತಾರೆ. ಕನ್ನಡದಲ್ಲಿ ಜಲ ಮಾದರಿ ಅನ್ನಬಹುದು. 'ವಿಕ್' ಎಂಬ ಮಾದರಿ ನಾಡನ್ನೆಲ್ಲ ಚೌಕ ಚೌಕವಾಗಿ ಕತ್ತರಿಸಿಕೊಂಡು ಲೆಕ್ಕ ಮಾಡುತ್ತದೆ. 'ಸ್ವಾಟ್' ಎಂಬ ಇನ್ನೊಂದು, ಹಳ್ಳಹಳ್ಳದ ಜಲಾನಯನವನ್ನೇ ಒಂದೊಂದು ತುಂಡಾಗಿ ತೆಗೆದುಕೊಳ್ಳುತ್ತದೆ. ಯಾವುದೇ ಇರಲಿ, ಪ್ರತಿ ತುಂಡಿಗೂ ಪ್ರತಿ ದಿನವೂ ಎಷ್ಟು ಮಳೆ, ಎಷ್ಟು ಬಿಸಿಲಿನ ಕಾವು ಅಂತ ನಾವು ಕೊಡಬೇಕು. ಒಂದು ದಿನವೂ ಖಾಲಿ ಬಿಡುವ ಹಾಗಿಲ್ಲ.

ತೊಡಕು ಇರುವುದು ಇಲ್ಲೇ. ಮಳೆಮಾಪಕ ಇರುವುದು ಎಲ್ಲೋ ಒಂದು ಕಡೆ, ಒಂದು ಚುಕ್ಕೆಯ ಹಾಗೆ. ಮಾದರಿಗೆ ಬೇಕಾಗಿರುವುದು ಇಡೀ ನೆಲದ ಮಳೆ. ಮಾಪಕದ ಬಾಯಿ ಒಂದು ಊಟದ ತಟ್ಟೆಯಷ್ಟೂ ಅಗಲವಿಲ್ಲ. ಅದಕ್ಕೆ ಬಿದ್ದ ನೀರನ್ನು ನೋಡಿ ನೂರಾರು ಚದರ ಕಿಲೋಮೀಟರಿಗೆ ಬಿದ್ದದ್ದು ಎಷ್ಟು ಅಂತ ಹೇಳಬೇಕು.

ಚುಕ್ಕೆಯಿಂದ ಚೌಕಕ್ಕೆ

ನಕಾಶೆಯ ಮೇಲೆ ಅಕ್ಷಾಂಶ ರೇಖಾಂಶಗಳ ಗೆರೆ ಎಳೆದರೆ ಚೌಕಗಳಾಗುತ್ತವೆ. ನಮ್ಮ ಲೆಕ್ಕದ ನೋಟ್‌ಬುಕ್ಕಿನ ಮನೆಗಳ ಹಾಗೆ. ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿಯವರು ಇಡೀ ಭಾರತಕ್ಕೆ ಇಂಥ ಮಳೆ ಚೌಕಗಳನ್ನು ಮಾಡಿಟ್ಟಿದ್ದಾರೆ. ಒಂದೊಂದು ಚೌಕವೂ ಕಾಲು ಡಿಗ್ರಿ ಅಗಲ, ಕಾಲು ಡಿಗ್ರಿ ಉದ್ದ. ನಮ್ಮ ಕಡೆ ಅದು ಸುಮಾರು 27 ಕಿ.ಮೀ.ಗೆ 27 ಕಿ.ಮೀ. ಅಡ್ಡ 135 ಮನೆ, ಉದ್ದ 129 ಮನೆ. 1901ರಿಂದ ಹಿಡಿದು ದಿನದಿನದ ಮಳೆ ಅದರಲ್ಲಿದೆ. 6,955 ಮಳೆ ಕೇಂದ್ರಗಳ ದಾಖಲೆಯಿಂದ ಇದನ್ನು ಕಟ್ಟಿದ್ದಾಗಿ 2014ರಲ್ಲಿ ಪ್ರಕಟಿಸಿದರು. ಆದರೆ ಅಷ್ಟೂ ಕೇಂದ್ರಗಳು ಎಲ್ಲ ದಿನವೂ ವರದಿ ಕೊಟ್ಟಿಲ್ಲ. ಯಾವ ದಿನ ಎಷ್ಟು ಮಂದಿ ಕೊಟ್ಟರೋ ಅಷ್ಟರಲ್ಲೇ ಆ ದಿನದ ಚೌಕ ತುಂಬಬೇಕು.

ತುಂಬುವುದು ಹೇಗೆ? ಹತ್ತಿರದವರ ಮಾತಿಗೆ ಹೆಚ್ಚು ಬೆಲೆ, ದೂರದವರ ಮಾತಿಗೆ ಕಡಿಮೆ ಬೆಲೆ. ಇಷ್ಟೇ ಗುಟ್ಟು. ದೂರ ಎರಡು ಪಟ್ಟಾದರೆ ಬೆಲೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ.

ಚೌಕದ ನಡುವಿನಿಂದ 10 ಕಿ.ಮೀ. ದೂರದಲ್ಲಿ 'ಅ' ಊರು. ಅಲ್ಲಿ 54 ಮಿ.ಮೀ. ಮಳೆ. 20 ಕಿ.ಮೀ. ದೂರದಲ್ಲಿ 'ಆ' ಊರು, 80 ಮಿ.ಮೀ. ಇನ್ನೊಂದು ಕಡೆ 20 ಕಿ.ಮೀ. ದೂರದಲ್ಲೇ 'ಇ' ಊರು, 40 ಮಿ.ಮೀ. 'ಅ' ಹತ್ತಿರವಿರುವುದರಿಂದ ಅದಕ್ಕೆ 4 ಪಾಲು, ಉಳಿದ ಎರಡಕ್ಕೆ ಒಂದೊಂದು ಪಾಲು. 54ನ್ನು 4ರಿಂದ ಗುಣಿಸಿದರೆ 216. ಅದಕ್ಕೆ 80, 40 ಕೂಡಿಸಿದರೆ 336. ಒಟ್ಟು ಪಾಲು 6. ಭಾಗಿಸಿದರೆ 56. ಆ ಚೌಕದ ಅವತ್ತಿನ ಮಳೆ 56 ಮಿ.ಮೀ. ಅಷ್ಟೇ! ಏಳನೇ ತರಗತಿಯವರೂ ಮಾಡಬಹುದು.

ಇಷ್ಟು ಸುಲಭವಾದರೆ ಕಷ್ಟ ಎಲ್ಲಿದೆ? ಕಷ್ಟವಿರುವುದು ಆ 54, 80, 40 ನಿಜವೇ ಎಂಬುದರಲ್ಲಿ.

ನಾನು ಮಾಡಿದ ತಪ್ಪು

ನಮ್ಮ ಶಾಲೆ ಹಿಂದಿನ ಬಯಲಿನಲ್ಲಿ ನಾವೇ ಮಾಡಿದ ಮಳೆಮಾಪಕ ಇದೆ. ನೆಟ್ಟಗಿನ ಪಕ್ಕಗಳಿರುವ ಬಾಟಲಿ, ಅದರ ಬಾಯಿಯನ್ನೇ ಕತ್ತರಿಸಿ ಬೋರಲು ಮಾಡಿ ಇಟ್ಟ ಆಲಿಕೆ, ಪಕ್ಕದಲ್ಲಿ ಅಂಟಿಸಿದ ಅಳತೆಪಟ್ಟಿ. ರಿಜಿಸ್ಟರ್ ಬರೆಯುವ ಜವಾಬ್ದಾರಿ ನನ್ನದು. ಭಾನುವಾರ ಶಾಲೆ ಇಲ್ಲ, ಆದ್ದರಿಂದ ಅಳೆಯುವವರಿಲ್ಲ. ಸೋಮವಾರ ಬಂದು ನೋಡಿದರೆ ಬಾಟಲಿಯಲ್ಲಿ ನೀರು ಇರುತ್ತಿತ್ತು. ಅದನ್ನು ಸೋಮವಾರದ ಮುಂದೆ ಬರೆಯುತ್ತಿದ್ದೆ. ಭಾನುವಾರದ ಮನೆ ಖಾಲಿ ಇದ್ದರೆ ಚೆನ್ನಾಗಿ ಕಾಣುವುದಿಲ್ಲ ಅಂತ ಅಲ್ಲಿ ಒಂದು ಸೊನ್ನೆ ಸುತ್ತುತ್ತಿದ್ದೆ.

2024ರ ದಸರಾ ರಜೆಯಲ್ಲೂ ಹಾಗೇ ಮಾಡಿದೆ. ರಜೆ ಮುಗಿಸಿ ಬಂದಾಗ ಬಾಟಲಿಯಲ್ಲಿ 61 ಮಿ.ಮೀ. ನೀರು ಇತ್ತು. ಶಾಲೆ ತೆರೆದ ದಿನದ ಮುಂದೆ 61 ಬರೆದು, ಹಿಂದಿನ ರಜೆ ದಿನಗಳಿಗೆಲ್ಲ ಸಾಲಾಗಿ ಸೊನ್ನೆ ಹಾಕಿದೆ. ಅಕ್ಷರ ದುಂಡಗಿತ್ತು, ಪುಟ ಚೊಕ್ಕಟವಾಗಿತ್ತು. ಮನಸ್ಸಿಗೆ ಸಮಾಧಾನವೂ ಆಯಿತು.

ಒಂದು ವಾರದ ಮೇಲೆ ಪಕ್ಕದ ಮನೆ ದೊಡ್ಡಪ್ಪ ಶಾಲೆಗೆ ಬಂದರು. ರಜೆಯ ಒಂದು ರಾತ್ರಿ ಜೋರು ಮಳೆ ಬಂದು ಅವರ ಕಣದಲ್ಲಿ ಹರಡಿದ್ದ ಮೆಕ್ಕೆಜೋಳವೆಲ್ಲ ನೆಂದುಹೋಗಿತ್ತು. ಕಾಳು ಮೊಳಕೆ ಬಂದಿತ್ತು. ಪರಿಹಾರ ಕೇಳೋಣ ಅಂತ ಹೋದ ಕಡೆ ಅವತ್ತು ಎಷ್ಟು ಮಳೆ ಆಗಿದೆ ಅಂತ ಕೇಳಿದರಂತೆ. "ನೀವು ದಿನಾ ಮಳೆ ಬರ್ಕಂತೀರಂತಲ್ಲ, ಆ ರಾತ್ರೀದು ಎಷ್ಟೈತಿ ನೋಡಿ ಹೇಳಪ್ಪ" ಅಂದರು. ನಾನು ರಿಜಿಸ್ಟರ್ ತೆಗೆದೆ. ಅವತ್ತಿನ ಮನೆಯಲ್ಲಿ ನನ್ನದೇ ಕೈಬರಹದ ದುಂಡು ಸೊನ್ನೆ. ಮರುದಿನವೂ ಸೊನ್ನೆ.

ದೊಡ್ಡಪ್ಪ ಸ್ವಲ್ಪ ಹೊತ್ತು ಆ ಪುಟವನ್ನೇ ನೋಡಿದರು. "ಮಳೇನೇ ಬಂದಿಲ್ಲ ಅಂತ ಬರ್ದೀಯಲ್ಲೋ" ಅಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮೇಷ್ಟ್ರು ಅವರನ್ನು ಕೂರಿಸಿ, "ಇದು ಹುಡುಗರ ರಿಜಿಸ್ಟರು, ಕಚೇರಿಯಲ್ಲಿ ನಡೆಯೋದಿಲ್ಲ. ಪಂಚಾಯ್ತಿ ಮಳೆಯಂತ್ರದ ಲೆಕ್ಕ ಕೇಳಿ" ಅಂತ ಹೇಳಿ ಕಳಿಸಿದರು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿಗಳಲ್ಲಿ ಇಟ್ಟಿರುವ ಯಂತ್ರಗಳು 15 ನಿಮಿಷಕ್ಕೊಮ್ಮೆ ಮಳೆಯನ್ನು ತಾವೇ ಅಳೆದು ಕಳಿಸುತ್ತವೆ. ಅದಕ್ಕೆ ಭಾನುವಾರ, ದಸರಾ ಯಾವುದೂ ಇಲ್ಲ. ದೊಡ್ಡಪ್ಪ ಹೋದ ಮೇಲೆ ಮೇಷ್ಟ್ರು ನನಗೆ ಹೇಳಿದ್ದು ಒಂದೇ ಮಾತು: "ನೋಡಿ ಬರೆದ ಸೊನ್ನೆ ಬೇರೆ, ನೋಡದೆ ಬರೆದ ಸೊನ್ನೆ ಬೇರೆ."

ಒಂದು ಸೊನ್ನೆಯ ತೂಕ

ಆ ಮಾತಿನ ಪೂರ್ತಿ ಅರ್ಥ ನನಗೆ ಆದದ್ದು ವಿಜ್ಞಾನ ದಿನದಂದು, ಮೇಲಿನ ಲೆಕ್ಕ ಮಾಡಿದಾಗ. ಈಗ 'ಅ' ಊರಿನವನು ನನ್ನಂಥವನೇ ಅಂದುಕೊಳ್ಳಿ. ಅವತ್ತು ಅವನು ಅಳೆಯಲೇ ಇಲ್ಲ.

ಅವನು ಪ್ರಾಮಾಣಿಕವಾಗಿ ಖಾಲಿ ಬಿಟ್ಟರೆ, ಲೆಕ್ಕ ಮಾಡುವವರು ಅವನನ್ನು ಬಿಟ್ಟು ಉಳಿದ ಇಬ್ಬರನ್ನು ಕೇಳುತ್ತಾರೆ. 80, 40 ಕೂಡಿ 120, ಎರಡರಿಂದ ಭಾಗಿಸಿದರೆ 60. ನಿಜವಾದ 56ಕ್ಕೆ ನಾಲ್ಕೇ ಮಿ.ಮೀ. ವ್ಯತ್ಯಾಸ.

ಅವನು ಸೊನ್ನೆ ಹಾಕಿದರೆ? ಸೊನ್ನೆಯ ನಾಲ್ಕು ಪಾಲು ಸೊನ್ನೆ, ಅದಕ್ಕೆ 120 ಕೂಡಿಸಿ 6ರಿಂದ ಭಾಗಿಸಿದರೆ 20. ಅಂದರೆ 36 ಮಿ.ಮೀ. ಮಳೆ ಮಾಯ!

36 ಮಿ.ಮೀ. ಅಂದರೆ ಎಷ್ಟು ಮಹಾ ಅನ್ನಬೇಡಿ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಚೌಕ ಸುಮಾರು 750 ಚದರ ಕಿ.ಮೀ. ಆದ್ದರಿಂದ ಒಂದು ಮಿ.ಮೀ.ಗೆ 75 ಕೋಟಿ ಲೀಟರ್. 36 ಮಿ.ಮೀ.ಗೆ 2,700 ಕೋಟಿ ಲೀಟರ್. ಪೇಪರಿನಲ್ಲಿ ಅಣೆಕಟ್ಟಿನ ಸುದ್ದಿ ಬಂದಾಗ ಟಿಎಂಸಿ ಅಂತ ಓದುತ್ತೀರಲ್ಲ, ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಹುಡುಗನೊಬ್ಬ ಪುಟ ಚೆಂದ ಕಾಣಲಿ ಅಂತ ಸುತ್ತಿದ ಒಂದು ಸೊನ್ನೆ, ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದು ಟಿಎಂಸಿ ಮಳೆಯನ್ನು ನುಂಗಿಬಿಡುತ್ತದೆ. ಬಿದ್ದ ಮಳೆಯೆಲ್ಲ ಹೊಳೆಗೆ ಬರುವುದಿಲ್ಲ ನಿಜ. ಆದರೂ ಮೇಲಿಂದ ನೀರು ಬರುತ್ತಿರುವಾಗ ಮಾದರಿ "ಭಯ ಇಲ್ಲ" ಎಂದರೆ, ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರ ಗತಿ ಏನು?

ಅದಕ್ಕೇ ಹವಾಮಾನ ಇಲಾಖೆಯ ಚೌಕಗಳಲ್ಲಿ ಮಳೆ ತಿಳಿಯದ ಕಡೆ −999 ಎಂಬ ಗುರುತು ಇರುತ್ತದೆ. ಮಳೆ ಎಂದೂ ಸೊನ್ನೆಗಿಂತ ಕಡಿಮೆ ಇರುವುದಿಲ್ಲವಾದ್ದರಿಂದ ಇದು ಮಳೆಯಲ್ಲ, ಗುರುತು ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಆದರೆ ಕಂಪ್ಯೂಟರಿಗೆ ನಾವು ಹೇಳದಿದ್ದರೆ ತಿಳಿಯುವುದಿಲ್ಲ. 10, 20, −999 ಈ ಮೂರರ ಸರಾಸರಿ ಕೇಳಿದರೆ ನಾಚಿಕೆಯಿಲ್ಲದೆ −323 ಅನ್ನುತ್ತದೆ!

ಕಾಳು ಹಸನು ಮಾಡಿದ ಹಾಗೆ

ಅಕ್ಕಿಯನ್ನು ಮೊರದಲ್ಲಿ ಕೇರಿ ಕಲ್ಲು ಆರಿಸದೆ ಯಾರೂ ಎಸರಿಗೆ ಹಾಕುವುದಿಲ್ಲ. ಮಳೆ ಲೆಕ್ಕವನ್ನೂ ಮಾದರಿಗೆ ಹಾಕುವ ಮೊದಲು ಹಾಗೇ ಆರಿಸಬೇಕು. ಮುಖ್ಯವಾದ ಕಲ್ಲುಗಳು ಇವು.

1. ಕೂಡಿಟ್ಟ ಮಳೆ. ನನ್ನ ಸೋಮವಾರದ ಮಳೆಯ ಹಾಗೆ. ಇದನ್ನು ಬಿಡಿಸಬಹುದು. ಎರಡು ದಿನದ ಒಟ್ಟು 24 ಮಿ.ಮೀ. ಇದೆ ಅನ್ನಿ. ಪಕ್ಕದೂರಿನಲ್ಲಿ ದಿನವೂ ಅಳೆದಿದ್ದಾರೆ: ಭಾನುವಾರ 15, ಸೋಮವಾರ 5. ಅಂದರೆ ಮೂರು ಪಾಲು, ಒಂದು ಪಾಲು. ಅದೇ ಪ್ರಕಾರ ನಮ್ಮ 24ನ್ನು 18, 6 ಅಂತ ಹಂಚಬೇಕು. ಹಂಚಿದ್ದು ಅಂತ ಪಕ್ಕದಲ್ಲಿ ಬರೆಯಲೂಬೇಕು. ಆದರೆ ಹದಿನೆಂಟು ದಿನದ ಮಳೆಯನ್ನು ಹೀಗೆ ಹಂಚುವುದು ಬಲು ಕಷ್ಟ. ಅಷ್ಟು ದಿನದಲ್ಲಿ ಬಾಟಲಿಯ ನೀರೂ ಆವಿಯಾಗಿ ಹೋಗಿರುತ್ತದೆ.

2. ಚುಕ್ಕಿ ಮರೆತದ್ದು. 12.4 ಅನ್ನುವುದು 124 ಆಗಿರುತ್ತದೆ. ಸುತ್ತಲ ಊರುಗಳಲ್ಲೆಲ್ಲ ಹತ್ತು ಹನ್ನೆರಡು ಇದ್ದು ಒಂದರಲ್ಲಿ ಮಾತ್ರ 124 ಇದ್ದರೆ ಅನುಮಾನ ಪಡಬೇಕು. ಹಾಗಂತ ತಕ್ಷಣ ಹೊಡೆದುಹಾಕಲೂಬಾರದು. ಬೇಸಿಗೆಯ ಗುಡುಗು ಮಳೆ ಒಂದು ಊರಿಗೆ ಸುರಿದು ಪಕ್ಕದೂರನ್ನು ಬಿಡುವುದು ನಮಗೆಲ್ಲ ಗೊತ್ತಲ್ಲ.

3. ಅಂಗುಲ, ಮಿಲಿಮೀಟರ್ ಗೊಂದಲ. ಹಳೇ ದಾಖಲೆಗಳು ಅಂಗುಲದಲ್ಲಿ ಇರುತ್ತವೆ. ಒಂದು ಅಂಗುಲ ಅಂದರೆ 25.4 ಮಿ.ಮೀ.

4. ಜಾಗ ತಪ್ಪಿದ್ದು. ಮಾಪಕವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಟ್ಟಿರುತ್ತಾರೆ, ಇಲ್ಲವೇ ಪಕ್ಕದ ಗಿಡ ಬೆಳೆದು ಮರವಾಗಿ ಮಳೆಗೆ ಅಡ್ಡ ನಿಂತಿರುತ್ತದೆ. ಆ ಕೇಂದ್ರದ ವರ್ಷವರ್ಷದ ಮಳೆಯನ್ನು ಸುತ್ತಲಿನ ಕೇಂದ್ರಗಳ ಜೊತೆ ಕೂಡಿಸುತ್ತಾ ಗ್ರಾಫ್ ಎಳೆದರೆ ಗೆರೆ ನೆಟ್ಟಗೆ ಹೋಗಬೇಕು. ಯಾವ ವರ್ಷದಲ್ಲಿ ಗೆರೆ ಸೊಟ್ಟಗಾಯಿತೋ ಅಲ್ಲಿ ಏನೋ ಆಗಿದೆ ಅಂತ ಅರ್ಥ.

5. ಯಂತ್ರದ ಸೊನ್ನೆ. ಆಲಿಕೆಯಲ್ಲಿ ಎಲೆ ಕೂತರೆ, ಜೇಡ ಬಲೆ ಕಟ್ಟಿದರೆ ಯಂತ್ರವೂ ಸೊನ್ನೆ ಅನ್ನುತ್ತದೆ. ಸುತ್ತ ಎಲ್ಲ ಕಡೆ ಮಳೆ, ಇದೊಂದು ಮಾತ್ರ ದಿನಗಟ್ಟಲೆ ಒಣಗಿದ್ದರೆ ಹೋಗಿ ನೋಡಬೇಕು.

ದಿನ ಶುರುವಾಗುವುದು ಯಾವಾಗ?

ನಮ್ಮ ದೇಶದಲ್ಲಿ ಮಳೆಯ ದಿನ ಶುರುವಾಗುವುದು ನಡುರಾತ್ರಿ 12ಕ್ಕಲ್ಲ, ಬೆಳಿಗ್ಗೆ 8.30ಕ್ಕೆ. ಇವತ್ತು 8.30ಕ್ಕೆ ಅಳೆದದ್ದು ನಿನ್ನೆ 8.30ರಿಂದ ಈಚಿನ ಮಳೆ. ಅದನ್ನು ಇವತ್ತಿನ ತಾರೀಖಿಗೆ ಬರೆಯುತ್ತಾರೆ. ಹಾಗಾಗಿ 15ನೇ ತಾರೀಖು ಮಧ್ಯಾಹ್ನ ನೀವು ನೆಂದ ಮಳೆ ಪುಸ್ತಕದಲ್ಲಿ 16ರ ಮುಂದೆ ಇರುತ್ತದೆ. ಉಪಗ್ರಹದ ಮಳೆ ಲೆಕ್ಕದಲ್ಲಿ ದಿನವನ್ನು ಸಾಮಾನ್ಯವಾಗಿ ಗ್ರೀನ್‌ವಿಚ್ ನಡುರಾತ್ರಿಯಿಂದ ಎಣಿಸುತ್ತಾರೆ. ಅದು ನಮಗೆ ಬೆಳಿಗ್ಗೆ 5.30. ಎರಡನ್ನೂ ನೋಡದೆ ಬೆರೆಸಿದರೆ, ಇಲ್ಲವೇ ತಾರೀಖು ಒಂದು ದಿನ ಜಾರಿದರೆ, ಮಾದರಿಯಲ್ಲಿ ಹೊಳೆ ಮೊದಲು ತುಂಬಿ ಮಳೆ ಆಮೇಲೆ ಬರುತ್ತದೆ! ನಾವೂ ಇಷ್ಟು ದಿನ ಪ್ರಾರ್ಥನೆ ಮುಗಿದ ಮೇಲೆ ಅಳೆಯುತ್ತಿದ್ದೆವು. ಅದೂ ತಪ್ಪೇ.

ಘಟ್ಟ ಇದ್ದಲ್ಲಿ ಜೋಪಾನ

ಬಯಲುಸೀಮೆಯಲ್ಲಿ ಹತ್ತಿರ-ದೂರದ ಲೆಕ್ಕ ಸಾಕು. ಘಟ್ಟದಲ್ಲಿ ಸಾಲದು. ಮೋಡ ಘಟ್ಟ ಹತ್ತುವಾಗ ಸುರಿದು, ಇಳಿಯುವಾಗ ಬರಿದಾಗುತ್ತದೆ. ಬೆಟ್ಟದ ಮೇಲಿನ ಊರಿಗೆ ವರ್ಷಕ್ಕೆ 7,000 ಮಿ.ಮೀ. ವಾಡಿಕೆ ಮಳೆ, ಕೆಳಗಿನ ಊರಿಗೆ 800, ಎರಡರ ಸರಿಯಾಗಿ ನಡುವಿನ ಊರಿಗೆ 2,000 ಅಂದುಕೊಳ್ಳಿ. ಒಂದು ದಿನ ಮೇಲೆ 140, ಕೆಳಗೆ 16 ಮಿ.ಮೀ. ಬಿತ್ತು. ನಡುವಿನ ಊರಿನಲ್ಲಿ ಮಾಪಕವಿಲ್ಲ. ಬರೀ ದೂರ ನೋಡಿ ಸರಾಸರಿ ಮಾಡಿದರೆ 78 ಬರುತ್ತದೆ. ಆದರೆ ಮೇಲೆ ಬಿದ್ದದ್ದು ಅಲ್ಲಿಯ ವಾಡಿಕೆಯ ಶೇಕಡಾ 2. ಕೆಳಗೆ ಬಿದ್ದದ್ದೂ ಅಲ್ಲಿಯ ವಾಡಿಕೆಯ ಶೇಕಡಾ 2. ಹಾಗಾದರೆ ನಡುವಿನ ಊರಿಗೂ ಅದರ ವಾಡಿಕೆಯ ಶೇಕಡಾ 2, ಅಂದರೆ 40 ಅನ್ನುವುದೇ ಹೆಚ್ಚು ಸರಿ.

ಕಾವಿನ ಲೆಕ್ಕವೂ ಹೀಗೇ. ಹವಾಮಾನ ಇಲಾಖೆಯ ಉಷ್ಣಾಂಶದ ಚೌಕ ಒಂದು ಡಿಗ್ರಿಯದು, ಸುಮಾರು 110 ಕಿ.ಮೀ. ಅಗಲ. ಅದರೊಳಗೆ ಬೆಟ್ಟವೂ ಬರುತ್ತದೆ, ಬಯಲೂ ಬರುತ್ತದೆ. ಒಂದು ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪು ಅಂತ ಲೆಕ್ಕ ಹಿಡಿದು ಎತ್ತರಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತಾರೆ.

ಕೊನೆಗೆ ಹೊಳೆಯೇ ಸಾಕ್ಷಿ

ಎಲ್ಲ ಆದ ಮೇಲೆ ಒಂದು ತಾಳೆ ನೋಡುತ್ತಾರೆ. ಹೊನ್ನಾಳಿಯಂಥ ಕಡೆ ಕೇಂದ್ರ ಜಲ ಆಯೋಗದವರು ಹೊಳೆ ನೀರನ್ನು ಅಳೆಯುತ್ತಾರೆ. ವರ್ಷವೆಲ್ಲ ಹೊಳೆಯಲ್ಲಿ ಹರಿದ ನೀರು, ಮೇಲೆ ಸುರಿದ ಮಳೆಗಿಂತ ಜಾಸ್ತಿ ಬಂದರೆ ಏನರ್ಥ? ಜಮಾ ಕಡಿಮೆ, ಖರ್ಚು ಹೆಚ್ಚು! ಹೊಳೆ ಸಾಲ ಮಾಡುವುದಿಲ್ಲ. ಹಾಗಾಗಿ ಘಟ್ಟದ ಮಳೆಯನ್ನು ನಾವೇ ಎಲ್ಲೋ ಕಡಿಮೆ ಹಿಡಿದಿದ್ದೇವೆ ಅಂತ ಮೊದಲು ಹುಡುಕಬೇಕು. ಮಾದರಿಯನ್ನು ಹಿಂಡಿ ತಿರುಚಿ ಹೇಗೋ ಸರಿಹೊಂದಿಸುವುದು ಸುಲಭ. ಆದರೆ ಅದು ಪರೀಕ್ಷೆಯಲ್ಲಿ ಉತ್ತರ ನೋಡಿಕೊಂಡು ಲೆಕ್ಕ ಬರೆದ ಹಾಗೆ. ಮುಂದಿನ ವರ್ಷ ಪ್ರಶ್ನೆ ಬದಲಾದಾಗ ಸಿಕ್ಕಿಬೀಳುತ್ತೇವೆ.

ಇನ್ನು ನಮ್ಮ ಶಾಲೆಯಲ್ಲಿ

ಮೇಷ್ಟ್ರ ಒಪ್ಪಿಗೆ ಪಡೆದು ಈ ತಿಂಗಳಿಂದ ಹೀಗೆ ಮಾಡುತ್ತಿದ್ದೇವೆ:

• ಪ್ರತಿದಿನ ಬೆಳಿಗ್ಗೆ 8.30ಕ್ಕೇ ಅಳೆಯುವುದು. ಅಳೆದ ಮೇಲೆ ನೀರು ಚೆಲ್ಲಿ ಬಾಟಲಿ ಖಾಲಿ ಮಾಡುವುದು.
• ನೋಡಿದಾಗ ನೀರು ಇಲ್ಲದಿದ್ದರೆ ಮಾತ್ರ 0. ನೋಡದಿದ್ದರೆ 'ಅ.ಇ.' ಅಂದರೆ 'ಅಳತೆ ಇಲ್ಲ'.
• ಎರಡು ದಿನದ್ದು ಸೇರಿದ್ದರೆ ಸುತ್ತು ಹಾಕಿ 'ಒಟ್ಟು' ಅಂತ ಬರೆಯುವುದು.
• ಹಳೆಯ ಅಂಕಿ ಅಳಿಸುವುದಿಲ್ಲ. ತಪ್ಪಿದ್ದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಮಾಡುವುದು.
• ಮಾಪಕದ ಹತ್ತಿರ ಮರ, ಗೋಡೆ ಇದ್ದರೆ ಅದರ ಎತ್ತರದ ಎರಡು ಪಟ್ಟಾದರೂ ದೂರ ಇಡುವುದು.

ನನ್ನ ದಸರಾ ಸಾಲಿನ ಸೊನ್ನೆಗಳ ಮೇಲೆ ನಾನೇ ಗೆರೆ ಎಳೆದು 'ಅ.ಇ.' ಬರೆದಿದ್ದೇನೆ. ಪುಟ ಈಗ ಚೆನ್ನಾಗಿ ಕಾಣುವುದಿಲ್ಲ. ಆದರೆ ಸುಳ್ಳು ಹೇಳುವುದಿಲ್ಲ.

ಭಾನುವಾರ ಮತ್ತು ರಜೆ ದಿನಗಳಲ್ಲಿ ಅಳೆಯಲು ಶಾಲೆ ಹತ್ತಿರ ಮನೆ ಇರುವ ನಾಲ್ಕು ಜನ ಬೇಕಾಗಿದ್ದಾರೆ. ಎಂಟನೇ ತರಗತಿಯವರಾದರೂ ಸರಿ. ಮಳೆ ಬಾರದ ದಿನವೂ ಬಂದು ನೋಡಿ ಹೋಗಬೇಕು, ಅದೇ ಮುಖ್ಯ. ದಿನಕ್ಕೆ ಐದು ನಿಮಿಷದ ಕೆಲಸ. ಹೆಸರು ಕೊಡುವವರು ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ. ಮೊದಲ ಭಾನುವಾರ ನನ್ನದು.

(ಲೆಕ್ಕದಲ್ಲಿ ಏನಾದರೂ ತಪ್ಪಿದ್ದರೆ ಗುರುಗಳು ಕೆಂಪು ಶಾಯಿಯಲ್ಲಿ ತಿದ್ದಬೇಕಾಗಿ ವಿನಂತಿ.)

— ಮಳೆ ರಿಜಿಸ್ಟರ್ ಬರೆಯುವ ಹುಡುಗ, 10ನೇ ತರಗತಿ